ಅಟ್ಟ ಸೇರಿದ ಗಿಟಾರು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ಮುಂಬಯಿಯ ನಮ್ಮ ಈ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಯವು. ಈಚೆಗೆ ಡೊಂಬಿವಲಿಯಿಂದ ಬಂದ ಒಂದು ಪತ್ರ ಮಾತ್ರ ಬೇರೆ ತರಹದ್ದು. ಬರೆದವರು ಧಾರವಾಡದ ಕಡೆಯವರು. ಮಗಳ ಹುಟ್ಟುಹಬ್ಬಕ್ಕೆ ಹತ್ತು ಸಾವಿರ ರೂಪಾಯಿಯ ಎಲೆಕ್ಟ್ರಿಕ್ ಗಿಟಾರು ಕೊಡಿಸಿದ್ದರಂತೆ. ಆರು ತಿಂಗಳಿಗೆ ಹುಡುಗಿ ಅದನ್ನು ಕೈಬಿಟ್ಟಿದ್ದಾಳೆ. ಬೆರಳು ನೋಯುತ್ತದೆ, ಎಷ್ಟು ಶ್ರುತಿ ಮಾಡಿದರೂ ಅಪಸ್ವರ ಬರುತ್ತದೆ, ನನಗೆ ಸಂಗೀತ ಒಲಿಯೋದಿಲ್ಲ ಬಿಡಪ್ಪಾ ಅಂದಳಂತೆ. ಗಿಟಾರು ಅಟ್ಟ ಸೇರಿದೆ. ‘ಇದನ್ನು ಮಾರಿ ಇನ್ನೂ ದುಬಾರಿಯದನ್ನು ಕೊಡಿಸಲೋ, ಇಷ್ಟಕ್ಕೇ ಬಿಟ್ಟುಬಿಡಲೋ?’ ಎಂದು ಕೇಳಿದ್ದಾರೆ.

ಎರಡೂ ಬೇಡ ಸರ್. ಗಿಟಾರನ್ನು ಮೊದಲು ಅಟ್ಟದಿಂದ ಇಳಿಸಿ. ಶಾಲೆಯ ಕಂಪಾಸಿನ ಒಂದು ಸ್ಕೇಲು ಹುಡುಕಿ ಇಟ್ಟುಕೊಳ್ಳಿ. ಇವತ್ತಿನ ನನ್ನ ಮಾತೆಲ್ಲ ಆ ಸ್ಕೇಲಿನ ಸುತ್ತಲೇ.

ಅಂದ ಹಾಗೆ, ನಾನು ಗಿಟಾರು ಪಂಡಿತಳಲ್ಲ. ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವಳು. ನಮ್ಮ ಮನೆಯಲ್ಲಿ ನುಡಿಸುವವನು ತಮ್ಮ, ಬೆಸುಗೆ ಕಡ್ಡಿ ಹಿಡಿಯುವವಳು ನಾನು. ಹಾಗಾಗಿ ಸ್ವರದ ವಿಚಾರ ಕಡಿಮೆ, ತಿರುಪಿನ ವಿಚಾರ ಜಾಸ್ತಿ ಹೇಳುತ್ತೇನೆ.

ಆ ಹುಡುಗಿ ಹೇಳಿದ ಎರಡು ದೂರುಗಳನ್ನೇ ನೋಡಿ. ಬೆರಳು ನೋವು, ಅಪಸ್ವರ. ಇವೆರಡಕ್ಕೂ ಒಂದೇ ಕಾರಣ ಇರಬಹುದು. ಗಿಟಾರಿನ ತಲೆಯ ಬಳಿ, ಬಿರಡೆಗಳು ಮುಗಿದು ಕುತ್ತಿಗೆ ಶುರುವಾಗುವಲ್ಲಿ, ಸಣ್ಣದೊಂದು ಬಿಳಿ ಪಟ್ಟಿ ಇರುತ್ತದೆ. ಅದಕ್ಕೆ ನಟ್ ಎನ್ನುತ್ತಾರೆ. ಅದರಲ್ಲಿ ಆರು ಗೀರುಗಳು, ಒಂದೊಂದರಲ್ಲಿ ಒಂದೊಂದು ತಂತಿ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಈ ಗೀರುಗಳನ್ನು ಸಾಕಷ್ಟು ಆಳಕ್ಕೆ ಉಜ್ಜಿರುವುದಿಲ್ಲ. ಒಂದೊಂದನ್ನೂ ಕೈಯಲ್ಲಿ ನೋಡಿ ಉಜ್ಜಲು ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು. ತಂತಿ ಎತ್ತರದಲ್ಲಿ ನಿಂತಿದ್ದರೆ ಮೊದಲ ಮೆಟ್ಟಿಲಿನ ಹತ್ತಿರ ಒತ್ತಲು ವಿಪರೀತ ಬಲ ಬೇಕು. ಅಷ್ಟು ಕೆಳಕ್ಕೆ ಒತ್ತಿದಾಗ ತಂತಿ ಹಿಗ್ಗುತ್ತದೆ, ಹಿಗ್ಗಿದ ತಂತಿಯ ಸ್ವರ ಏರುತ್ತದೆ. ಬಿಟ್ಟ ತಂತಿಯಲ್ಲಿ ಶ್ರುತಿ ಸರಿಯಾಗಿಯೇ ಇರುತ್ತದೆ, ಬೆರಳಿಟ್ಟ ಕೂಡಲೇ ತಪ್ಪುತ್ತದೆ. ಮಗು ಏನು ತಾನೇ ಮಾಡೀತು? ಕಿವಿ ಸರಿಯಾಗಿರುವ ಮಗುವಿಗೇ ಇದು ಹೆಚ್ಚು ಹಿಂಸೆ. ಅಪಸ್ವರ ಕೇಳಿಸುತ್ತಿದೆ ಎಂದರೆ ಆಕೆಗೆ ಸಂಗೀತ ಒಲಿದಿದೆ ಎಂದೇ ಅರ್ಥ.

ವೀಣೆ ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕಾಲಕಾಲಕ್ಕೆ ಆ ಮೆಟ್ಟಿಲುಗಳನ್ನು ಕಿತ್ತು ಸ್ವರ ನೋಡಿ ಮತ್ತೆ ಕೂರಿಸುತ್ತಾರೆ. ಮೆಟ್ಟಿಲು ಸರಿದ ವೀಣೆ ಅಪಸ್ವರ ನುಡಿದರೆ ಯಾರೂ ವಿದ್ಯಾರ್ಥಿನಿಯನ್ನು ಬೈಯುವುದಿಲ್ಲ, ವಾದ್ಯ ಮಾಡುವವರನ್ನು ಕರೆಸುತ್ತಾರೆ. ಗಿಟಾರನ್ನು ಮಾತ್ರ ನಾವು ಮಿಕ್ಸಿ ಕೊಂಡ ಹಾಗೆ ಕೊಳ್ಳುತ್ತೇವೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಕೆಲಸ ಮಾಡಬೇಕು! ಗಿಟಾರಿಗೂ ಅಂಥ ಒಂದು ಉಪಚಾರ ಬೇಕು. ಅಂಗಡಿಯವರ ಮಾತಿನಲ್ಲಿ ಅದಕ್ಕೆ ‘ಸೆಟಪ್’ ಎಂದು ಹೆಸರು.

ಸೆಟಪ್ ಎಂದರೆ ಏನೇನು? ಮೊದಲು ತಂತಿ. ಒಂದು ವರ್ಷದಿಂದ ಅಟ್ಟದಲ್ಲಿದ್ದ ಗಿಟಾರಿನ ತಂತಿ ತುಕ್ಕು ಹಿಡಿದಿರುತ್ತದೆ, ಅದರ ಮೇಲೆ ಯಾವ ಪರೀಕ್ಷೆಯೂ ವ್ಯರ್ಥ. ಹೊಸ ಸೆಟ್ಟು ಒಂದು ಸಾವಿರದೊಳಗೇ ಸಿಗುತ್ತದೆ. ಕಲಿಯುವವರಿಗೆ 9ರ ಸೆಟ್ಟು ಕೇಳಿ. 9 ಎಂದರೆ ಅತಿ ತೆಳುವಾದ ತಂತಿ ಇಂಚಿನ ಸಾವಿರದಲ್ಲಿ 9 ಭಾಗ ದಪ್ಪ. 10ರ ಸೆಟ್ಟಿಗಿಂತ ಇದರ ಬಿಗಿ ಕಡಿಮೆ, ಎಳೆಯ ಬೆರಳಿಗೆ ಹಿತ. ಹಳೆಯ ತಂತಿಗಳನ್ನು ಒಟ್ಟಿಗೆ ಕತ್ತರಿಸಬೇಡಿ. ಸ್ಪ್ರಿಂಗ್ ಇರುವ ಗಿಟಾರಾದರೆ ಒಂದನ್ನು ತೆಗೆದು ಒಂದನ್ನು ಹಾಕುತ್ತ ಹೋಗಿ.

ಆಮೇಲೆ ಕುತ್ತಿಗೆ. ಆರು ತಂತಿಗಳ ಎಳೆತಕ್ಕೆ ಮರದ ಕುತ್ತಿಗೆ ಬಿಲ್ಲಿನ ಹಾಗೆ ಬಾಗಲು ನೋಡುತ್ತದೆ. ಅದನ್ನು ತಡೆಯಲು ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್ ಎಂದು. ದಪ್ಪ ತಂತಿಯನ್ನು ಒಂದು ಕೈಯಿಂದ ಮೊದಲ ಮೆಟ್ಟಿಲಲ್ಲಿ, ಇನ್ನೊಂದು ಕೈಯಿಂದ ಕೊನೆಯ ಮೆಟ್ಟಿಲಲ್ಲಿ ಒತ್ತಿ ಹಿಡಿಯಿರಿ. ಆಗ ಆ ತಂತಿಯೇ ನಿಮಗೆ ನೇರವಾದ ಗೆರೆ. ನಡುವೆ ಏಳು ಎಂಟನೆಯ ಮೆಟ್ಟಿಲಿನ ಹತ್ತಿರ ವಿಸಿಟಿಂಗ್ ಕಾರ್ಡು ತೂರುವಷ್ಟು, ಸುಮಾರು ಕಾಲು ಮಿಲಿಮೀಟರು ಸಂದು ಇದ್ದರೆ ಸರಿ. ಹೆಚ್ಚಿದ್ದರೆ ಸರಳಿನ ತಿರುಪನ್ನು ಬಲಕ್ಕೆ, ಸಂದೇ ಇಲ್ಲದಿದ್ದರೆ ಎಡಕ್ಕೆ. ಆದರೆ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಪು ಬಿಗಿಯಾಗಿ ಕೂತಿದ್ದರೆ ಜಬರದಸ್ತಿ ಮಾಡಬೇಡಿ. ಮುರಿದರೆ ಗಿಟಾರಿನ ಬೆಲೆಗಿಂತ ರಿಪೇರಿಯೇ ಹೆಚ್ಚಾಗುತ್ತದೆ.

ಈಗ ಸ್ಕೇಲು ತೆಗೆಯಿರಿ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ದಪ್ಪ ತಂತಿಗೆ 2 ಮಿಲಿಮೀಟರು, ತೆಳು ತಂತಿಗೆ ಒಂದೂವರೆ ಇದ್ದರೆ ಹಿತ. ಮೂರು, ಮೂರೂವರೆ ಇದ್ದರೆ ಹುಡುಗಿ ಕೈಬಿಟ್ಟದ್ದರಲ್ಲಿ ಆಶ್ಚರ್ಯವೇ ಇಲ್ಲ. ಗಿಟಾರಿನ ಕುದುರೆ, ಅದೇ ಬ್ರಿಡ್ಜು, ಅದರಲ್ಲಿ ಸಣ್ಣ ಅಲೆನ್ ಕೀ ಹಾಕಿ ಇಳಿಸಬಹುದು. ತೀರ ಇಳಿಸಿದರೆ ತಂತಿ ಮೆಟ್ಟಿಲಿಗೆ ತಗುಲಿ ಜರ್ರ್ ಎನ್ನುತ್ತದೆ. ತಂಬೂರಿಯಲ್ಲಿ ಆ ಝೇಂಕಾರಕ್ಕಾಗಿ ಕುದುರೆಯ ಮೇಲೆ ನೂಲೆಳೆ ಇಟ್ಟು ‘ಜೀವ’ ಎಂದು ಕರೆಯುತ್ತೇವೆ. ಗಿಟಾರಿನಲ್ಲಿ ಅದು ಬೇಡ. ಜರ್ರ್ ನಿಲ್ಲುವವರೆಗೆ ತುಸು ಏರಿಸಿ.

ಕೊನೆಯದು ಸ್ವರದ ಉದ್ದ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಸುಮ್ಮನೆ ಮುಟ್ಟಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅಲ್ಲೇ ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಟ್ಯೂನರು ಸಾಕು ನೋಡಲು. ಒತ್ತಿದ ಸ್ವರ ಏರಿದ್ದರೆ ಕುದುರೆಯ ಮೇಲಿನ ಆ ತಂತಿಯ ಬಿಲ್ಲೆಯನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ.

ಇಷ್ಟರಲ್ಲಿ ನಟ್ಟಿನ ಗೀರು ಉಜ್ಜುವುದೊಂದನ್ನು ಮಾತ್ರ ಅನುಭವಸ್ಥರಿಗೆ ಬಿಡಿ. ಒಂದು ಎಳೆ ಹೆಚ್ಚು ಉಜ್ಜಿದರೆ ನಟ್ಟನ್ನೇ ಬದಲಿಸಬೇಕಾಗುತ್ತದೆ. ತಂತಿಯನ್ನು ಮೂರನೆಯ ಮೆಟ್ಟಿಲಲ್ಲಿ ಒತ್ತಿದಾಗ ಮೊದಲ ಮೆಟ್ಟಿಲಿನ ಮೇಲೆ ಕಾಗದ ತೂರುವಷ್ಟು ಸಂದಿದ್ದರೆ ನಟ್ಟು ಸರಿಯಿದೆ ಎಂದು ತಿಳಿಯಿರಿ. ಶ್ರುತಿ ಪದೇಪದೇ ತಪ್ಪುತ್ತಿದ್ದರೆ, ಬಿರಡೆಗೆ ಬೈಯುವ ಮೊದಲು, ಆ ಗೀರುಗಳಿಗೆ ಮೆತ್ತನೆಯ ಪೆನ್ಸಿಲಿನ ಸೀಸ ತಿಕ್ಕಿ. ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ. ಎರಡು ರೂಪಾಯಿಯ ಔಷಧ. ಇಡೀ ಸೆಟಪ್ಪನ್ನು ಬೇರೆಯವರಿಂದ ಮಾಡಿಸಿದರೂ ಹೊಸ ಗಿಟಾರಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ.

ಇನ್ನು ಹೊಸದಾಗಿ ಕೊಳ್ಳುವವರ ವಿಚಾರ. ಕೈಯಲ್ಲಿ ಹದಿನೈದು ಸಾವಿರ ಇದ್ದರೆ ಅಷ್ಟನ್ನೂ ಗಿಟಾರಿಗೇ ಸುರಿಯಬೇಡಿ. ಒಂಬತ್ತು ಹತ್ತು ಸಾವಿರ ವಾದ್ಯಕ್ಕೆ, ಮೂರು ನಾಲ್ಕು ಸಾವಿರ ಆಂಪ್ಲಿಫೈಯರಿಗೆ, ಉಳಿದದ್ದು ತಂತಿ, ಕೇಬಲ್ಲು, ಸೆಟಪ್ಪಿಗೆ. ಮನೆಯ ಮ್ಯೂಸಿಕ್ ಸಿಸ್ಟಮ್ಮಿಗೇ ಚುಚ್ಚಿದರಾಯಿತು ಎನ್ನುವವರಿದ್ದಾರೆ. ಗಿಟಾರಿನಿಂದ ಬರುವುದು ಬಹಳ ಬಡ ಸಂಕೇತ, ಅದಕ್ಕೆ ತಕ್ಕ ಬಾಗಿಲು ಆ ಸಿಸ್ಟಮ್ಮಿನಲ್ಲಿಲ್ಲ. ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತದೆ. ಹೆಡ್‌ಫೋನ್ ಹಾಕಲು ಜಾಗ ಇರುವ ಸಣ್ಣ ಆಂಪ್ ತೆಗೆದುಕೊಳ್ಳಿ, ಕೆಳಗಿನ ಮಹಡಿಯವರ ಆಶೀರ್ವಾದವೂ ಸಿಗುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಂಡರೆ ಇದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಗಿಟಾರು ಸಿಗುತ್ತದೆ. ನೋಡಲು ಹೋಗುವಾಗ ನಿಮ್ಮದೇ ಕೇಬಲ್ ಒಯ್ಯಿರಿ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಡಗಿ ರೀಪು ನೋಡುವ ಹಾಗೆ ಕುತ್ತಿಗೆಯುದ್ದಕ್ಕೂ ನೋಡಿ. ತಿರುಚಿದ ಕುತ್ತಿಗೆಗೆ ಮದ್ದಿಲ್ಲ, ಬಿಟ್ಟುಬನ್ನಿ. ತಲೆ ಮತ್ತು ಕುತ್ತಿಗೆ ಸೇರುವಲ್ಲಿ ಬಿರುಕು, ಅಂಟಿನ ಗೆರೆ ಇದೆಯೇ ನೋಡಿ. ಒಂದೊಂದು ಮೆಟ್ಟಿಲಲ್ಲೂ ಒಂದೊಂದು ತಂತಿ ಮೀಟಿ. ತಿಗಣೆ ಕಡಿದಂತೆ ತಂತಿಯ ಕೆಳಗೆ ಗುಳಿ ಬಿದ್ದ ಮೆಟ್ಟಿಲುಗಳಿದ್ದರೆ ಬೆಲೆ ಇಳಿಸಿ ಕೇಳಿ. ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಮಾತ್ರ ಹೆದರಬೇಡಿ, ಅದು ಧೂಳು. ಅದನ್ನು ತೋರಿಸಿ ಚೌಕಾಶಿ ಮಾಡಿ, ಮನೆಗೆ ಬಂದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ತಂತಿಗೆ ಎರಡೂ ಕಡೆ ಬೀಗ ಹಾಕುವ ತೇಲುವ ಕುದುರೆಯ ಗಿಟಾರು ಮೊದಲ ವಾದ್ಯಕ್ಕೆ ಬೇಡವೇ ಬೇಡ. ಒಂದು ತಂತಿ ಬದಲಿಸಲು ಒಂದು ಸಂಜೆ ಹೋಗುತ್ತದೆ. ತಲೆಯ ಮೇಲೆ ದೊಡ್ಡ ಅಮೆರಿಕನ್ ಕಂಪನಿಯ ಹೆಸರಿದ್ದು ಬೆಲೆ ಪುಟಾಣಿ ಎಂದರೆ ಆ ಹೆಸರನ್ನು ನಂಬಬೇಡಿ.

ಅಗ್ಗದ ಗಿಟಾರನ್ನೂ ಬಿಚ್ಚಿ ಸುಧಾರಿಸಲು ಸಾಧ್ಯವಾದದ್ದಕ್ಕೆ ಲಿಯೋ ಫೆಂಡರ್ ಎಂಬ ಕ್ಯಾಲಿಫೋರ್ನಿಯದ ರೇಡಿಯೊ ರಿಪೇರಿಯವರಿಗೆ ನಾವು ಋಣಿಗಳು. (ರೇಡಿಯೊ ರಿಪೇರಿ ಎಂದ ಕೂಡಲೇ ನನಗೊಂದು ಅಭಿಮಾನ, ಬಿಡಿ.) 1950ರ ಸುಮಾರಿಗೆ ಅವರು ಹೊರತಂದ ಗಿಟಾರಿನಲ್ಲಿ ಕುತ್ತಿಗೆಯನ್ನು ಅಂಟಿಸದೆ ನಾಲ್ಕು ತಿರುಪುಗಳಿಂದ ಕೂರಿಸಿದರು. ಹಾಳಾದರೆ ಕಳಚಿ ಬೇರೆಯದು ಹಾಕಿ ಎಂದು. 1954ರಲ್ಲಿ ಬಂದ ಅವರ ಸ್ಟ್ರಾಟೋಕಾಸ್ಟರಿನ ಅಚ್ಚಿನಲ್ಲೇ ಇವತ್ತಿನ ಅಗ್ಗದ ಗಿಟಾರುಗಳಲ್ಲಿ ಬಹುಪಾಲು ತಯಾರಾಗುತ್ತವೆ. ಹಾಗಾಗಿ ಬಿರಡೆಯಿಂದ ಕುದುರೆಯವರೆಗೆ ಬಿಡಿಭಾಗಗಳು ಸಿಗುತ್ತವೆ. ಕೊಳ್ಳುವ ಮೊದಲು ತಿರುಪಿನ ತೂತುಗಳ ಅಂತರ ಅಳೆಯಿರಿ, ಇಂಚಿನ ಲೆಕ್ಕ, ಮಿಲಿಮೀಟರಿನ ಲೆಕ್ಕ ಎರಡೂ ಚಾಲ್ತಿಯಲ್ಲಿವೆ.

ಕೈಯಾರೆ ಮಾಡಿಕೊಂಡವರ ಕತೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇಂಗ್ಲೆಂಡಿನ ಬ್ರಯಾನ್ ಮೇ ಅವರದು. ಕ್ವೀನ್ ತಂಡದ ಗಿಟಾರು ವಾದಕ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ನಮ್ಮ ಪಂಚಗನಿಯ ಶಾಲೆಯಲ್ಲಿ, ಪುಣೆಯ ಕೇಳುಗರಿಗೆ ಗೊತ್ತಿರುತ್ತದೆ. 1963ರಲ್ಲಿ ಹದಿನಾರರ ಹುಡುಗ ಬ್ರಯಾನಿಗೆ ಅಂಗಡಿಯ ಗಿಟಾರು ಕೊಳ್ಳುವ ಶಕ್ತಿ ಇರಲಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಅಪ್ಪ ಮಗ ಕೂತು ಎರಡು ವರ್ಷ ಒಂದು ಗಿಟಾರು ಕಟ್ಟಿದರು. ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಮೇಲಿನ ಹಲಗೆ. ಕುದುರೆಯ ಹಿಂದೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವಿನ ಸ್ಪ್ರಿಂಗು. ಸ್ವರ ಅಲುಗಿಸುವ ಹಿಡಿಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ಚೂರು. ಮೆಟ್ಟಿಲುಗಳ ನಡುವಿನ ಚುಕ್ಕಿಗಳು ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ತಂತಿ ಎಲ್ಲಿಯೂ ಉಜ್ಜಿಕೊಳ್ಳದೆ ಶ್ರುತಿಗೆ ಮರಳಬೇಕೆಂದು ಕುದುರೆಯನ್ನು ಚಾಕುವಿನ ಅಲಗಿನಂಥ ಅಂಚಿನ ಮೇಲೆ ನಿಲ್ಲಿಸಿದರು. ಪಿಕಪ್ಪನ್ನೂ ಬ್ರಯಾನ್ ತಾವೇ ಸುತ್ತಿ ನೋಡಿದರು. ತಂತಿಯನ್ನು ಪಕ್ಕಕ್ಕೆ ಎಳೆದಾಗ ಬೇಡದ ಸದ್ದು ಬಂತು. ಆಗ ಬರ್ನ್ಸ್ ಕಂಪನಿಯ ಮೂರು ಪಿಕಪ್ ಕೊಂಡರು. ಹೆಣಿಗೆ ಕಡ್ಡಿಯ ಅದೇ ಗಿಟಾರನ್ನು 2002ರಲ್ಲಿ ಅವರು ಬಕಿಂಗ್‌ಹ್ಯಾಮ್ ಅರಮನೆಯ ತಾರಸಿಯ ಮೇಲೆ ನಿಂತು ನುಡಿಸಿದರು.

ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗಮನಿಸಿ. ಕುತ್ತಿಗೆ, ಕುದುರೆ, ಶ್ರುತಿ ಮೊದಲು. ಹಣ ಕೊಟ್ಟು ಪಿಕಪ್ ತಂದದ್ದು ಕೊನೆಗೆ. ನಮ್ಮ ಹುಡುಗರು ತಲೆಕೆಳಗು ಮಾಡುತ್ತಾರೆ. ಹತ್ತು ಸಾವಿರದ ಗಿಟಾರಿಗೆ ಎಂಟು ಸಾವಿರದ ಪಿಕಪ್ ಹಾಕಿಸುತ್ತಾರೆ. ಅಪಸ್ವರ ಈಗ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ.

ಪಿಕಪ್ ಎಂದರೆ ಏನು ಎಂದೂ ಹೇಳಿಬಿಡುತ್ತೇನೆ. ಅಯಸ್ಕಾಂತಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಒಂದೇ ಸುರುಳಿಯ ಪಿಕಪ್ ಮನೆಯ ವೈರಿಂಗಿನ 50 ಹರ್ಟ್ಸಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಆ ಗುಂಯ್ ಅನ್ನು ಪರಸ್ಪರ ಅಳಿಸುವ ಹಂಬಕರ್ ಪಿಕಪ್ಪನ್ನು 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ರೂಪಿಸಿದರು. ನಿಮ್ಮ ಗಿಟಾರು ಒಂಟಿ ಸುರುಳಿಯದಾದರೆ ಹೊಸ ಪಿಕಪ್ ಕೊಳ್ಳುವ ಮೊದಲು ಒಳಗಿನ ಗುಳಿಗಳಿಗೆ ತಾಮ್ರದ ಅಂಟು ಪಟ್ಟಿ ಮೆತ್ತಿ ಭೂಮಿಯ ವೈರಿಗೆ ಬೆಸೆಯಿರಿ. ಹೊರಗಿನಿಂದ ಬರುವ ಕಿರಿಕಿರಿ ಬಹಳ ತಗ್ಗುತ್ತದೆ.

ಈ ಪಟ್ಟಿ, ವಾಲ್ಯೂಮಿನ ಪಾಟ್, ಟೋನಿನ ಕೆಪಾಸಿಟರ್, ಸ್ವಿಚ್ಚು ಇವಕ್ಕೆ ಸಂಗೀತದ ಅಂಗಡಿಗಿಂತ ಎಲೆಕ್ಟ್ರಾನಿಕ್ಸ್ ಪೇಟೆಗೇ ಹೋಗುವುದು ಲೇಸು. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡು, ಪುಣೆಯಲ್ಲಿ ಬುಧವಾರ ಪೇಠೆ, ಚೆನ್ನೈಯಲ್ಲಿ ರಿಚ್ಚಿ ಸ್ಟ್ರೀಟು, ಹೈದರಾಬಾದಿನಲ್ಲಿ ಕೋಠಿ, ದೆಹಲಿಯಲ್ಲಿ ಲಾಜಪತ್ ರಾಯ್ ಮಾರ್ಕೆಟ್ಟು. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಒಂಟಿ ಸುರುಳಿಗೆ 250 ಕಿಲೋ ಓಮ್ಸ್, ಹಂಬಕರಿಗೆ 500 ಕಿಲೋ ಓಮ್ಸ್ ಪಾಟ್ ಕೇಳಿ. ಹಳೆಯ ಪಾಟನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ದಂಡದ ಗಾತ್ರ ಹೋಲಿಸಬಹುದು.

ಹೀಗೆ ಬಿಡಿ ಬಿಡಿಯಾಗಿ ಕೂಡಿಸಿದವರಲ್ಲಿ ಎಡ್ಡಿ ವ್ಯಾನ್ ಹೇಲನ್ ಮಹಾ ಕಿಲಾಡಿ. ಎಪ್ಪತ್ತರ ದಶಕದಲ್ಲಿ 50 ಡಾಲರಿನ ಒಡಲು, 80 ಡಾಲರಿನ ಕುತ್ತಿಗೆ ತಂದು, ತಮ್ಮದೇ ಇನ್ನೊಂದು ಗಿಟಾರಿನ ಪಿಕಪ್ ಕಿತ್ತು ಇದಕ್ಕೆ ಹಾಕಿದರು. ಪಿಕಪ್ ಕಿರುಚದಿರಲೆಂದು ಕರಗಿದ ಮೇಣದಲ್ಲಿ ಅದ್ದಿದರು. ವೈರಿಂಗ್ ಅಷ್ಟಾಗಿ ಗೊತ್ತಿರದ ಕಾರಣ ಒಂದೇ ಗುಂಡಿ ಇಟ್ಟರು. 1978ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಮುಖಪುಟದಲ್ಲಿ ಪಟ್ಟೆ ಪಟ್ಟೆಯ ಆ ಗಿಟಾರು ಇದೆ. ಮೇಣದ ಪ್ರಯೋಗವನ್ನು ನೀವು ಒಲೆಯ ಮೇಲೆ ನೇರವಾಗಿ ಮಾಡಬೇಡಿ, ಮೇಣ ಹತ್ತಿಕೊಳ್ಳುತ್ತದೆ.

ಈಗ ನಗು ಬಿಟ್ಟು ಒಂದು ಮಾತು. ಗಿಟಾರಿನ ತಂತಿ ಕುದುರೆಯ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಭೂಮಿಗೆ ಸೇರಿರುತ್ತದೆ. ಅಂದರೆ ನಿಮ್ಮ ಮಗುವಿನ ಬೆರಳು ಆ ಸರಪಳಿಯ ಒಂದು ಕೊಂಡಿ. ಹಳೆಯ ಚಾಳುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಮೂರನೆಯ ತೂತು ಬರಿಯ ತೂತಾಗಿರುತ್ತದೆ, ಹಿಂದೆ ಅರ್ಥಿಂಗಿನ ವೈರೇ ಇರುವುದಿಲ್ಲ. ಆಂಪ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಪರೀಕ್ಷೆ ಮಾಡಿಸಿ. ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿ ಎರಡು ತೂತಿನ ಸಾಕೆಟ್ಟಿಗೆ ತುರುಕುವ ಜಾಣತನ ಬೇಡ. ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಅದು ಸಹಜ. ಬೆರಳಿಗೆ ಜುಮ್ ಎಂದರೆ, ಅಥವಾ ಹಾಡುವಾಗ ಮೈಕಿಗೆ ತುಟಿ ತಾಗಿ ಚುರ್ ಎಂದರೆ, ಗೋಡೆಯ ಸ್ವಿಚ್ಚು ಆರಿಸಿ. ವಾಲ್ವಿನ ಹಳೆಯ ಆಂಪ್ ಸಿಕ್ಕಿದೆ ಎಂದು ಅದರ ಹೊಟ್ಟೆ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಕೂತಿರಬಹುದು.

ಹವೆಯ ಬಗ್ಗೆ ಎರಡು ಮಾತು. ಮುಂಬಯಿಯ ಮಳೆಗಾಲದಲ್ಲಿ ಮರ ನೀರು ಕುಡಿದು ಕುತ್ತಿಗೆ ಅಲುಗುತ್ತದೆ, ಜೂನಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಆ ವಿಸಿಟಿಂಗ್ ಕಾರ್ಡಿನ ಪರೀಕ್ಷೆ ಮಾಡಿ. ದೆಹಲಿಯ ಒಣ ಹವೆಯಲ್ಲಿ ಮರ ಕುಗ್ಗಿ ಮೆಟ್ಟಿಲಿನ ತುದಿಗಳು ಅಂಗೈಗೆ ಚುಚ್ಚುತ್ತವೆ, ಅವನ್ನು ಅರದಿಂದ ಸವರಿಸಬೇಕು. ಚೆನ್ನೈಯ ಉಪ್ಪು ಗಾಳಿಗೆ ತಂತಿ ಬೇಗ ತುಕ್ಕಾಗುತ್ತದೆ, ನುಡಿಸಿದ ಮೇಲೆ ಹಳೆಯ ಪಂಚೆಯ ಚೂರಿನಿಂದ ಒರೆಸಿಡಿ. ಮತ್ತೆ ದಯವಿಟ್ಟು, ಹೊಳಪಿಗಾಗಿ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅಂಟಾಗಿ ಕಮಟು ವಾಸನೆ ಬರುತ್ತದೆ.

ಕೊನೆಗೆ ವ್ಯವಹಾರದ ವಿಷಯ. ಗಿಟಾರಿಗೆ ಹೊಸದಾಗಿ ಏನೇ ಹಾಕಿದರೂ ಹಳೆಯ ಬಿರಡೆ, ಪಿಕಪ್, ತಿರುಪುಗಳನ್ನು ಎಸೆಯಬೇಡಿ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗಿಟಾರಿನ ಚೀಲದಲ್ಲೇ ಇಡಿ. ಮುಂದೆ ಮಾರುವಾಗ ಕೊಳ್ಳುವವರು ನಿಮ್ಮ ಎಂಟು ಸಾವಿರದ ಪಿಕಪ್ಪಿಗೆ ಎಂಟುನೂರೂ ಕೊಡುವುದಿಲ್ಲ. ಹಳೆಯದನ್ನು ಮತ್ತೆ ಹಾಕಿ ಗಿಟಾರನ್ನು ಗಿಟಾರಿನ ಬೆಲೆಗೆ ಕೊಡಿ, ಒಳ್ಳೆಯ ಪಿಕಪ್ ಮುಂದಿನ ವಾದ್ಯಕ್ಕೆ ನಿಮ್ಮ ಜೊತೆ ಬರಲಿ. ಬಿಚ್ಚುವ ಮುನ್ನ ಒಳಗಿನ ವೈರುಗಳ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಮರಳಿ ಬೆಸೆಯುವಾಗ ಕೆಂಪು ಎಲ್ಲಿತ್ತು ಬಿಳಿ ಎಲ್ಲಿತ್ತು ಎಂದು ಹುಡುಕಾಡುವುದು ತಪ್ಪುತ್ತದೆ.